ಗಾಯಾಳು ಏಳುವ ತನಕ

ಇಲ್ಲ, ಇಲ್ಲ, ದಾಳಗಳನ್ನ ಡಬ್ಬಿಗೆ ಹಾಕ್ಬೇಡ. ಇಡು ಅಲ್ಲೇ. ಅವರಿಬ್ಬರು ಎದ್ದು ಹೋದ್ರು ಅಂದ ಮಾತ್ರಕ್ಕೆ ಆಟ ಮುಗಿದ ಹಾಗಲ್ಲ. ಪಾತ್ರ ಹಾಕಿ ಕಥೆ ಕಟ್ಟೋ ಈ ಆಟ ನಡೆಸೋಳು ನಾನು. ಮುಗೀತು ಅಂತ ನಾನು ಹೇಳ್ಬೇಕು. ಕೂತ್ಕೋ. ಕೂತ್ಕೋ ಅಂದ್ನಲ್ಲ... ಆಯ್ತು, ನಿಂತೇ ಇರು. ಕತ್ತೆತ್ತಿ ನೋಡಿ ನೋಡಿ ನನ್ನ ಕತ್ತು ಹಿಡ್ಕೊಳತ್ತೆ, ಅಷ್ಟೇ. ಗಾಲಿ ಕುರ್ಚಿಯಲ್ಲಿ ಕೂತವಳಿಗೆ ಎಲ್ಲರೂ ಎತ್ತರಾನೇ.

ಅವರ ಮುಂದೆ ಏನಂದೆ, ಇನ್ನೊಂದ್ಸಲ ಹೇಳು ನೋಡೋಣ. ಹೇಳಲ್ಲ ಅಲ್ವಾ? ಸರಿ, ನಾನೇ ಹೇಳ್ತೀನಿ. 'ನನ್ನ ವೈದ್ಯೆ ಎದ್ದು ಗುಹೆಯಿಂದ ಹೊರಗೆ ಹೋಗ್ತಾಳೆ.' ಹೀಗೇ ತಾನೆ ಅಂದಿದ್ದು? ಔಷಧಿ ಅಂಗಡಿಯವರ ಬಿಸ್ಕತ್ತು ಮುರಿದು ಟೀ ಒಳಗೆ ಬಿತ್ತು, ಪಾಪ, ಅವರು ಅದನ್ನ ತೆಗೆಯೋಕೂ ಹೋಗ್ಲಿಲ್ಲ. ಕನ್ನಡಕದ ಅಂಗಡಿಯವನು ನಿನ್ನ ಮುಖ ಒಂದ್ಸಲ, ನನ್ನ ಮುಖ ಒಂದ್ಸಲ ನೋಡ್ತಾ ಕೂತ. ಹೊರಗೆ ಹೋಗ್ತಾಳಂತೆ! ಒಳಗೆ ಸೇನಾಪತಿ ಮಲಗಿದ್ದಾನೆ, ಹೊಟ್ಟೆಗೆ ಈಟಿ ತಿವಿದ ಗಾಯ. ಕಾವಲು ಮಂತ್ರ ಹಾಕಿ ಅವನ ಜೀವ ಹಿಡಿದಿಟ್ಟಿರೋಳು ನಿನ್ನ ವೈದ್ಯೆ. ಅವಳೇ ಎದ್ದು ಹೋದ್ರೆ ಆ ಮುದುಕ ಏನಾಗ್ಬೇಕು?

ಯಾಕೆ ನಗ್ತೀಯ? ನಾನೇನು ತಮಾಷೆ ಮಾಡಿದ್ನಾ?

ಹೌದು, ಸೇನಾಪತಿಯ ಪಾತ್ರ ನನ್ನದೇ. ಆಟ ನಡೆಸೋಳು ಅಂದ್ಮೇಲೆ ರಾಕ್ಷಸರು, ಕಳ್ಳರು, ಗಾಯಾಳುಗಳು, ಎಲ್ಲ ನಂದೇ. ಅದರಲ್ಲಿ ನಗೋಂಥದ್ದು ಏನಿದೆ? ನಿನಗೊಬ್ಬಳು ವೈದ್ಯೆ, ಕನ್ನಡಕದವನಿಗೊಬ್ಬ ಕಳ್ಳ, ಔಷಧಿ ಅಂಗಡಿಯವರಿಗೊಬ್ಬ ಬಿಲ್ಲುಗಾರ. ಉಳಿದ ಪ್ರಪಂಚ ಎಲ್ಲ ನನ್ನ ತಲೆ ಮೇಲೆ. ನಿಮ್ಮ ಜಗಳ ಬಿಡಿಸೋದೂ ನಂದೇ ಕೆಲಸ. ಶಾಲೆಯಲ್ಲಿ ಪಿ.ಟಿ. ಟೀಚರಾಗಿ ಮಾಡಿದ್ದೂ ಅದೇ ತಾನೆ. ಅಂಗಳದಲ್ಲಿ ಸೀಟಿ ಊದಿದ್ರೆ ಮುಗೀತು, ಎದುರು ಮಾತಿಲ್ಲ. ಇಲ್ಲಿ ಸೀಟಿ ಇಲ್ಲ ನೋಡು, ಅದಕ್ಕೇ ನಿಮಗೆಲ್ಲ ಬಾಯಿ.

ನಿಯಮ ಓದ್ತೀನಿ, ಕೇಳು. ನಾನು ಹೇಳೋದಲ್ಲ, ಪುಸ್ತಕದಲ್ಲಿರೋದು. 'ಕಾವಲು ಮಂತ್ರ. ಮಂತ್ರ ಹಾಕಿದವರು ಗಾಯಾಳುವಿನ ಪಕ್ಕದಲ್ಲೇ ಇರಬೇಕು. ಅವರು ಇರುವಷ್ಟು ಹೊತ್ತು ಯಾವ ಶತ್ರುವೂ ಗಾಯಾಳುವನ್ನು ಮುಟ್ಟಲಾರ. ಗಾಯಾಳು ಚೇತರಿಸಿಕೊಳ್ಳುವ ತನಕ ಮಂತ್ರ ಉಳಿಯುತ್ತದೆ. ನಡುವೆ ಬಿಟ್ಟು ಹೋದರೆ ಗಾಯ ಮತ್ತೆ ಬಾಯಿ ಬಿಡುತ್ತದೆ.' ಆಯ್ತಾ? ಇಷ್ಟೇ. ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಗೊತ್ತು, ಗೊತ್ತು, ನೀನು ಏನು ಹೇಳ್ತೀಯ ಅಂತ. 'ಬಿಟ್ಟು ಹೋದರೆ ಹೀಗಾಗತ್ತೆ ಅಂತ ಬರೆದಿದ್ದಾರೆ ಅಂದ್ರೆ ಬಿಟ್ಟು ಹೋಗಬಹುದು ಅಂತಲೇ ಲೆಕ್ಕ, ಅತ್ತೆ.' ಆಹಾ. ಎಂಥಾ ತಲೆ. ವಾಲಿಬಾಲಲ್ಲಿ ನೆಟ್ ಮುಟ್ಟಿದ್ರೆ ಎದುರಿನವರಿಗೆ ಪಾಯಿಂಟು ಅಂತ ಬರೆದಿದೆ. ಹಾಗಂತ ನೆಟ್ ಹಿಡ್ಕೊಂಡು ಜೋತಾಡಿ ಅಂತ ಅರ್ಥನಾ? ಅಂಥ ಹುಡುಗಿಯರನ್ನ ನಾನು ಬೆಂಚಲ್ಲಿ ಕೂರಿಸ್ತಿದ್ದೆ. ತಪ್ಪಿಗೆ ಬೆಲೆ ಇಟ್ಟಿದ್ದಾರೆ ಅಂತ ತಪ್ಪು ಮಾಡೋಕೆ ಚೀಟಿ ಕೊಟ್ಟ ಹಾಗಲ್ಲ.

ಬೆಲೆ ಕೊಡೋಕೆ ತಯಾರಿದ್ದೀನಿ ಅಂದೆ. ಅದನ್ನೂ ಅಂದೆ ನೀನು. 'ಗಾಯ ಬಾಯಿ ಬಿಟ್ಟರೆ ಬಿಡಲಿ' ಅಂದೆ. ಅವರಿಬ್ಬರು ಚಪ್ಪಲಿ ಹುಡುಕಿದ್ದೇ ಆವಾಗ. ಅವರಿಗೆ ಗೊತ್ತಾಗಲ್ವಾ? ನನಗೆ ಗೊತ್ತಾಗಲ್ವಾ? ನನ್ನ ಕಾಲು ಹೋಗಿದೆ ಕಣೇ, ಕಿವಿ ಹೋಗಿಲ್ಲ.

ಆಟದ ಮಾತು ಆಟಕ್ಕೆ ಅಂತೀಯ. ಹಾಗಿದ್ರೆ ಸರಿ. ಆಟದ್ದೇ ಮಾತಾಡೋಣ. ನಾನೂ ಬೇರೆ ಮಾತು ತೆಗೆಯಲ್ಲ. ನಾಳೆ ಕೆಲಸಕ್ಕೆ ಕರೆದಿರೋ ಆ ಊರಿನ ಲ್ಯಾಬಿನವರಿಗೆ ನೀನು ಹೂಂ ಅಂತ ಹೇಳ್ಬೇಕು, ಇಲ್ಲ ಊಹೂಂ ಅಂತ ಹೇಳ್ಬೇಕು, ಅದನ್ನ ನಾನು ಎತ್ತೋದೇ ಇಲ್ಲ. ಎತ್ತಿದ್ನಾ? ಬೆಳಿಗ್ಗೆಯಿಂದ ಒಂದ್ಸಲಾನಾದ್ರೂ ಎತ್ತಿದ್ನಾ?

...ಈಗ ಎತ್ತಿದೆ. ಸರಿ. ಒಂದ್ಸಲ ಆಯ್ತು.

ಅಲ್ಲ, ಆ ಊರಲ್ಲಿ ನಿನಗೆ ಯಾರಿದ್ದಾರೆ ಅಂತ? ಇಲ್ಲಿನ ಲ್ಯಾಬಲ್ಲೂ ರಕ್ತ ಪರೀಕ್ಷೆ ಮಾಡೋದು, ಅಲ್ಲೂ ರಕ್ತ ಪರೀಕ್ಷೆ ಮಾಡೋದು. ಎಲ್ಲ ಊರಲ್ಲೂ ರಕ್ತ ಕೆಂಪಗೇ ಇರತ್ತೆ. ಅಲ್ಲಿ ನಿನ್ನ ಕೈಕೆಳಗೆ ಜನ ಇರ್ತಾರೆ, ಗೊತ್ತು. ಇಡೀ ವಿಭಾಗ ನಿಂದೇ, ಗೊತ್ತು. ಇಲ್ಲಿ ಆ ಪುಣ್ಯಾತ್ಮ ನೀನು ಬರೆದ ರಿಪೋರ್ಟಿಗೆಲ್ಲ ತಾನು ಸಹಿ ಹಾಕಿ ದೊಡ್ಡವನಾಗ್ತಾನೆ, ಅದೂ ಗೊತ್ತು. ಬೇಜಾರಾಗತ್ತೆ. ನನಗೂ ಬೇಜಾರಾಗತ್ತೆ ನಿನ್ನ ಪರವಾಗಿ. ಆದ್ರೆ...

ಆದ್ರೆ ಅಂದ ಕೂಡಲೇ ಮುಖ ತಿರುಗಿಸ್ತೀಯಲ್ಲ. ಬಿಡು. ಆಟಕ್ಕೆ ಬರೋಣ.

ಚೇತರಿಸಿಕೊಳ್ಳೋದು ಅಂದ್ರೇನು? ಅದು ತಾನೆ ಇವತ್ತಿನ ಜಗಳ. ಕನ್ನಡಕದವನು ಹೇಳ್ತಾನೆ, ಪ್ರಾಣದ ಪಾಯಿಂಟಲ್ಲಿ ಅರ್ಧ ಬಂದ್ರೆ ಸಾಕಂತೆ. ಸೇನಾಪತಿ ಎದ್ದು ಬಂಡೆಗೆ ಒರಗಿ ಕೂತಿದ್ದಾನೆ, ಗಂಜಿ ಕುಡಿದಿದ್ದಾನೆ, ಹಳೇ ಯುದ್ಧದ ಕಥೆ ಹೇಳಿ ತಲೆ ತಿಂತಿದ್ದಾನೆ, ಇನ್ನೇನು ಬೇಕು ಅಂತಾನೆ. ಕೂತು ಮಾತಾಡಿದ್ರೆ ಚೇತರಿಸಿಕೊಂಡ ಹಾಗಾ? ಕೂತು ಮಾತಾಡೋದು ನಾನೂ ಮಾತಾಡ್ತೀನಿ ದಿನವಿಡೀ. ನನ್ನನ್ನ ನೋಡಿ ಯಾರಾದ್ರೂ ಚೇತರಿಸಿಕೊಂಡಿದ್ದಾಳೆ ಅಂತಾರಾ? ಪೂರ್ತಿ ಪಾಯಿಂಟು ಬರ್ಬೇಕು. ಪೂರ್ತಿ. ಎಲ್ಲಿ ಬಿದ್ದನೋ ಅಲ್ಲಿಂದ ಎದ್ದು, ಮೊದಲು ಹೇಗಿದ್ದನೋ ಹಾಗಾಗ್ಬೇಕು.

ಅದು ನನ್ನ ಅರ್ಥ ಅಂತೀಯಾ. ನನ್ನ ಅರ್ಥಾನೇ. ಪುಸ್ತಕ ಸ್ಪಷ್ಟವಾಗಿ ಹೇಳದೇ ಇದ್ದಾಗ ಆಟ ನಡೆಸೋಳ ಅರ್ಥಾನೇ ಕೊನೆ. ಅದೂ ಪುಸ್ತಕದಲ್ಲೇ ಇದೆ, ಮೊದಲನೇ ಪುಟ.

ಏನು? ದಾಳ ಹಾಕೋಣ ಅಂತೀಯಾ? ಮತ್ತೆ ಅದೇ. ಪ್ರತಿ ಭಾನುವಾರ ಅದೇ ಹಟ. ಸೇನಾಪತಿ ಎದ್ದು ನಿಲ್ಲೋಕೆ ಆಗತ್ತೋ ಇಲ್ವೋ ಒಂದ್ಸಲ ದಾಳ ಹಾಕಿ ನೋಡೋಣ ಅತ್ತೆ, ಒಂದೇ ಸಲ. ಯಾಕೆ ಹಾಕಲ್ಲ ಗೊತ್ತಾ? ಬಿದ್ದರೆ? ಎದ್ದು ನಿಲ್ಲೋಕೆ ಹೋಗಿ ಅವನು ಬಿದ್ದರೆ ಯಾರು ಹೊಣೆ? ನಿನಗೆ ದಾಳ ಅಂದ್ರೆ ಒಂದು ಸಂಖ್ಯೆ. ಬಿದ್ದವರಿಗೆ ಗೊತ್ತು ಬೀಳೋದು ಅಂದ್ರೆ ಏನು ಅಂತ. ಆ ಮೆಟ್ಟಿಲ ಮೇಲಿಂದ ಹಾಸಿಗೆ ಹೊದಿಕೆ ಹೊತ್ಕೊಂಡು ಇಳಿತಿದ್ದೆ, ಒಂದು ಮೆಟ್ಟಿಲು ಕಾಲಿಗೆ ಸಿಗ್ಲಿಲ್ಲ. ಅಷ್ಟೇ. ಕೆಳಗೆ ಬಿದ್ದಾಗ ಸೊಂಟದಲ್ಲಿ ಲಟಕ್ ಅಂದ ಸದ್ದು ಕೇಳಿಸ್ತು ನನಗೆ. ನಾನು ಓಡೋದು ಕಲಿಸಿದವಳು ಕಣೇ. ಬಿದ್ದು ಮೊಣಕಾಲು ತರಚಿಕೊಂಡ ಮಕ್ಕಳಿಗೆ 'ಏಳು, ಏಳು, ಏನೂ ಆಗಿಲ್ಲ' ಅಂತ ಹೇಳ್ತಿದ್ದವಳು. ಅವತ್ತು ನನಗೆ ಏಳು ಅಂತ ಹೇಳೋಕೂ ಯಾರೂ ಇರ್ಲಿಲ್ಲ, ನೀನು ಲ್ಯಾಬಿಂದ ಬರೋ ತನಕ.

ಮರೀತೀನಾ ನಾನು? ನೀನು ಹೋಗೋಳಿದ್ದೆ ಆಗಲೇ. ನನ್ನ ಮಗ ಆ ಇನ್ನೊಬ್ಬಳ ಜೊತೆ ಬೇರೆ ಮನೆ ಮಾಡಿದ್ಮೇಲೆ ಈ ಮನೆಯಲ್ಲಿ ನಿನಗೇನಿತ್ತು? ನಾನಾಗಿದ್ರೆ ಮಾರನೇ ದಿನಾನೇ ಬಾಗಿಲು ಧಡಾರ್ ಅಂತ ಹಾಕ್ಕೊಂಡು ಹೋಗಿರ್ತಿದ್ದೆ. ನೀನು ಬಾಡಿಗೆ ಮನೆ ನೋಡಿ ಬಂದಿದ್ದೆ. ಅಷ್ಟರಲ್ಲಿ ನಾನು ಬಿದ್ದೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವಳು ಕೇಳಿದ್ಳಲ್ಲ, ಮಗಳಾ ಅಂತ. ನೀನು ಹೂಂ ಅಂದೆ. ಸೊಸೆ ಅಂತ ಹೇಳಿದ್ರೆ ಮಗ ಎಲ್ಲಿ ಅಂತ ಕೇಳ್ತಾರೆ ಅಂತ ಹೂಂ ಅಂದೆ, ನನಗೆ ಗೊತ್ತು. ಆದ್ರೂ ಹೂಂ ಅಂದೆಯಲ್ಲ. ಅವನು ಬಂದಿದ್ದು ಒಂದೇ ಸಲ, ಕಾರಿನ ಕೀ ತಿರುಗಿಸ್ತಾ ನಿಂತಿದ್ದು ಹೋದ.

ಮಾತು ಕೊಟ್ಟೆ ನೀನು. ನಾನು ಕೇಳ್ಲಿಲ್ಲ, ನೀನೇ ಕೊಟ್ಟೆ. 'ನೀವು ಒಬ್ಬರೇ ಈ ಮೆಟ್ಟಿಲು ಹತ್ತೋ ತನಕ ಇಲ್ಲೇ ಇರ್ತೀನಿ ಅತ್ತೆ.' ಹೀಗೆ.

ಹೇಳ್ತಾ ಇರೋದು ಅಷ್ಟೇ. ಜ್ಞಾಪಿಸ್ತಾ ಇಲ್ಲ. ಹಂಗಿಸ್ತಾನೂ ಇಲ್ಲ. ಕಣ್ಣು ಯಾಕೆ ಒರಸ್ಕೋತೀಯ?

ಎಕ್ಸ್‌ರೇ ಚೆನ್ನಾಗಿದೆ ಅಂದ್ರಾ? ಯಾರು, ಆ ವ್ಯಾಯಾಮ ಮಾಡಿಸೋ ಹುಡುಗೀನಾ? ಅವಳಿಗೇನು, ಎಳೇ ಮೂಳೆ, ಬಳ್ಳಿ ಬಗ್ಗಿದ ಹಾಗೆ ಬಗ್ತಾಳೆ. 'ಅಜ್ಜಿ, ಮೂಳೆ ಕೂಡಿದೆ, ಹೆದರಿಕೆ ಅಷ್ಟೇ ಇರೋದು.' ನನಗೆ ಹೆದರಿಕೆ! ಎಕ್ಸ್‌ರೇಯಲ್ಲಿ ಮೂಳೆ ಕಾಣತ್ತೆ, ನೋವು ಕಾಣತ್ತಾ? ಮೊನ್ನೆ ಅವಳ ಮುಂದೆ ಎದ್ದು ನಿಂತ್ನಲ್ಲ, ನೀನೂ ನೋಡಿದ್ಯಲ್ಲ, ಮೇಜು ಹಿಡ್ಕೊಂಡ್ರೂ ಗಡಗಡ ಗಡಗಡ ನಡುಗ್ತು ಕಾಲು. ಸುಮ್ನೆ ನಡುಗತ್ತಾ?

ಹೂಂ. ಔಷಧಿ ಅಂಗಡಿಯವರ ಮಾತಿಗೆ ಬರ್ತೀನಿ ಈಗ. ಅವರಂದಿದ್ದು ಒಳ್ಳೇ ಪ್ರಶ್ನೆ, ನಾನು ಇಲ್ಲ ಅನ್ನಲ್ಲ. 'ಇನ್ನೊಬ್ಬ ವೈದ್ಯೆ ಬಂದು ಪಕ್ಕದಲ್ಲಿ ಕೂತ್ಕೊಂಡು ಮಂತ್ರ ಮುಂದುವರಿಸಬಹುದಲ್ವಾ, ಆಗ ಇವರನ್ನ ಬಿಡಬಹುದಲ್ವಾ?' ಪುಸ್ತಕ ಏನು ಹೇಳತ್ತೆ? ಏನೂ ಹೇಳಲ್ಲ. ಬೇಡ ಅಂತಾನೂ ಹೇಳಲ್ಲ, ಆಗಬಹುದು ಅಂತಾನೂ ಹೇಳಲ್ಲ. ಪುಸ್ತಕ ಸುಮ್ನಿದೆ ಅಂದ್ರೆ ಒಪ್ಪಿದೆ ಅಂತ ತಿಳ್ಕೊಂಡುಬಿಟ್ರು ಅವರು. ಸುಮ್ನಿರೋದೆಲ್ಲ ಒಪ್ಪಿಗೆ ಆದ್ರೆ ನೀನು ಇಷ್ಟು ಹೊತ್ತಿಂದ ಸುಮ್ನೆ ನಿಂತಿದ್ದೀಯಲ್ಲ, ನಾನು ಹೇಳಿದ್ದನ್ನೆಲ್ಲ ಒಪ್ಪಿದ ಹಾಗೆ ಆಗ್ಬೇಕಿತ್ತು.

ನೀನು ಬೆಳಿಗ್ಗೆ ಸಂಜೆ ನನ್ನನ್ನ ನೋಡ್ಕೊಳೋಕೆ ಒಬ್ಬಾಕೆಯನ್ನ ಗೊತ್ತು ಮಾಡಿದ್ದೀಯ ಅಂತ ಅವರೇ ಬಾಯಿ ಬಿಟ್ರು. ಅಂಗಡಿಗೆ ಬಿ.ಪಿ. ನೋಡೋಕೆ ಬರ್ತಾಳಂತಲ್ಲ, ಆ ದಪ್ಪ ಬಳೆಯಾಕೆ. ಒಳ್ಳೆಯವಳಂತೆ. ಇರಬಹುದು. ನನಗೆ ಯಾರೋ ಒಳ್ಳೆಯವಳು ಬಂದು ಗಂಟೆ ನೋಡ್ತಾ ಕೂರೋದು ಬೇಡ. ಅವಳಿಗೆ ಈ ಆಟ ಬರತ್ತಾ? ನಾನು ರಾಕ್ಷಸನ ದನಿ ತೆಗೆದ್ರೆ ಅವಳು ಪಕ್ಕದ ಮನೆಯವರನ್ನ ಕರೀತಾಳೆ.

ನೋಡು, ಈಗ ನಕ್ಕೆ. ನಿಜವಾಗಿ ನಕ್ಕೆ. ಹಾಗಿದ್ರೆ ಸಾಕು ನನಗೆ.

ಕೂತ್ಯಾ? ಕೂತ್ಕೋ. ಕಾಲು ಚಾಚಿ ಕೂತ್ಕೋ. ಇಡೀ ವಾರ ನಿಂತೇ ಕೆಲಸ ಮಾಡ್ತೀಯ.

ಈ ಆಟ ನಮ್ಮಿಬ್ಬರನ್ನ ಕಾಪಾಡ್ತು, ಹೌದೋ ಅಲ್ವೋ? ನನ್ನ ಮಗ ಇದ್ದಾಗ ಈ ಮೇಜಿನ ಸುತ್ತ ನೀವೆಲ್ಲ ಕೂತು ಕಿರುಚೋದು ಕೇಳಿ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತಿದ್ದೆ. ವಯಸ್ಸಿಗೆ ಬಂದ ಜನ ಗೊಂಬೆ ಇಟ್ಕೊಂಡು ಆಡ್ತಾರಲ್ಲ ಅಂತ. ಅವನು ಮನೆ ಬಿಟ್ಟಾಗ ಬಟ್ಟೆ ಒಯ್ದ, ಟೀವಿ ಒಯ್ದ, ಆಟದ ಪೆಟ್ಟಿಗೆ ಬಿಟ್ಟು ಹೋದ. ನಾನು ಆಸ್ಪತ್ರೆಯಿಂದ ಬಂದು ಗೋಡೆ ನೋಡ್ತಾ ಕೂತಿದ್ದಾಗ ನೀನು ನಿಯಮದ ಪುಸ್ತಕ ತಂದು ತೊಡೆ ಮೇಲೆ ಹಾಕಿದೆ. 'ಓದಿ ಅತ್ತೆ, ಹೊತ್ತು ಹೋಗತ್ತೆ, ಇದರ ತುಂಬ ಜಗಳಕ್ಕೆ ಕಾರಣಗಳಿವೆ, ನಿಮಗೆ ಹಿಡಿಸತ್ತೆ.' ಹಿಡಿಸ್ತು. ನನ್ನ ಸ್ವಭಾವ ನಿನ್ನಷ್ಟು ನನ್ನ ಗಂಡನಿಗೂ ಗೊತ್ತಿರ್ಲಿಲ್ಲ.

ಅದಕ್ಕೇ ಹೇಳೋದು, ಭಾನುವಾರ ಇಲ್ಲದೇ ಹೋದ್ರೆ...

ಏನು? ಸರಿಯಾಗಿ ಹೇಳು, ಗೊಣಗಬೇಡ. ಹಳೇ ಪುಸ್ತಕದಲ್ಲಾ? ಹಳೇ ಪುಸ್ತಕದಲ್ಲಿ ಬೇರೆ ಥರ ಇದೆ ಅಂತೀಯಾ? ಯಾವುದು, ಆ ಕೆಂಪು ರಟ್ಟಿನದು? ಅವನು ಮೊದಲು ತಂದಿದ್ದು? ಅದರಲ್ಲಿ ಏನಿದೆಯಂತೆ? 'ಗಾಯಾಳು ಎದ್ದು ಕೂತರೆ ಸಾಕು' ಅಂತಾನಾ? ಹೋಗೇ. ಸುಳ್ಳು. ನಾನು ಅದನ್ನ ಎರಡು ಸಲ ಓದಿದ್ದೀನಿ, ಕೆಮ್ಮು ಜ್ವರ ಬಂದು ಮಲಗಿದಾಗ. ಅದರಲ್ಲಿ ಇನ್ನೂ ಬಿಗಿಯಾಗಿದೆ. 'ಪೂರ್ತಿ' ಅಂತಾನೇ ಬರೆದಿದೆ ಅದರಲ್ಲಿ. ಹೊಸದರಲ್ಲಿ ಆ ಮಾತು ಬಿಟ್ಟಿದ್ದಾರೆ, ಅದಕ್ಕೇ ಇಷ್ಟೆಲ್ಲ ರಾಮಾಯಣ.

ಇಲ್ವಾ? ಇಲ್ಲ ಅಂತೀಯಾ? ಪಂಥ? ಪಂಥ ಕಟ್ತೀಯಾ ನನ್ನ ಹತ್ರ? ಸರಿ. ಅದರಲ್ಲಿ ಎದ್ದು ಕೂತರೆ ಸಾಕು ಅಂತ ಇದ್ರೆ ನಿನ್ನ ವೈದ್ಯೆ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ನಾನು ಕಮಕ್ ಕಿಮಕ್ ಅನ್ನಲ್ಲ. ಪೂರ್ತಿ ಅಂತ ಇದ್ರೆ ಅವಳು ಗುಹೆಯಲ್ಲೇ. ಆಯ್ತಾ? ಮೇಲೆ ನಿನ್ನ ಕೋಣೆಯಲ್ಲಿ ತಾನೆ ಇರೋದು, ಕಪಾಟಿನಲ್ಲಿ?

ಬೇಡ ಅಂತೀಯಲ್ಲ ಈಗ! ನಾಳೆ ನೋಡೋಣ ಅಂತೆ. ನೋಡಿದ್ಯಾ, ಪುಸ್ತಕ ತೆಗೆಯೋ ಹೊತ್ತಿಗೆ ಜಾರಿಕೊಳ್ತೀಯ. ನೆಟ್ ಮುಟ್ಟಿಲ್ಲ ಟೀಚರ್, ಮುಟ್ಟಿಲ್ಲ ಟೀಚರ್ ಅಂತ ಆಣೆ ಹಾಕೋರೆಲ್ಲ ಹೀಗೇ, ಪಕ್ಕದಲ್ಲಿದ್ದವಳನ್ನ ಕೇಳ್ಲಾ ಅಂದ ಕೂಡಲೇ ಹೋಗ್ಲಿ ಬಿಡಿ ಟೀಚರ್ ಅನ್ನೋರು. ಇಲ್ಲ, ಇವತ್ತೇ ಆಗ್ಬೇಕು. ಕನ್ನಡಕದವನು ಮುಂದಿನ ವಾರ ಬಂದು ಅತ್ತೆ ತನಗೆ ಬೇಕಾದ ಹಾಗೆ ನಿಯಮ ತಿರುಚ್ತಾರೆ ಅಂತ ಹೇಳಬಾರದು. ನಾನು ನಿಯಮ ತಿರುಚೋಳಲ್ಲ. ಏನು ಬೇಕಾದ್ರೂ ಅನ್ನು, ಅದೊಂದು ಅನ್ನಬೇಡ. ನೀನು ಕೂತಿರು, ಏಳಬೇಡ, ನೀನು ಹೋದ್ರೆ ಸಿಗ್ಲಿಲ್ಲ ಅಂತ ಬರಿಗೈಯಲ್ಲಿ ಬರ್ತೀಯ. ಪೂರ್ತಿ ಅಂತ ಇದೆ ಕಣೇ, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಎಡಗಡೆ ಪುಟ, ಕೆಳಗೆ, ಪಕ್ಕದಲ್ಲಿ ದೀಪದ ಚಿತ್ರ. ಒಂದೇ ನಿಮಿಷ. ಅಲ್ಲ, ಎದ್ದು ಕೂತರೆ ಸಾಕಂತೆ! ಯಾರಾದ್ರೂ ಬರೀತಾರಾ ಹಾಗೆ? ಎದ್ದು ಕೂತರೆ ಸಾಕು ಅಂದ್ರೆ ಅದು ಎಂಥಾ ಕಾವಲು...

...ಕೇಳಿಸ್ತಿದ್ಯಾ ಕೆಳಗೆ? ಇಲ್ಲಿ ಮೇಲೆ ದೀಪದ ಸ್ವಿಚ್ಚು ಬಾಗಿಲ ಹಿಂದೆ ಯಾಕೆ ಇಟ್ರೋ ಪುಣ್ಯಾತ್ಮರು. ಹಾಂ, ಬಂತು. ಕಪಾಟು... ಕಪಾಟಲ್ಲಿ ಏನೂ ಇಲ್ವಲ್ಲೇ. ಎಲ್ಲಿಟ್ಟೆ ಪುಸ್ತಕಗಳನ್ನೆಲ್ಲ?

ಇದೇನಿದು, ಇಷ್ಟೊಂದು ರಟ್ಟಿನ ಪೆಟ್ಟಿಗೆ. ಟೇಪ್ ಬೇರೆ ಸುತ್ತಿದ್ದೀಯ. ಮೇಲೆ 'ಪುಸ್ತಕ' ಅಂತ ಬರೆದಿರೋದು ನಿನ್ನ ಕೈಬರಹ. ತೆಗೀತೀನಿ ಇದನ್ನ, ಬೈಯಬೇಡ, ಟೇಪ್ ಆಮೇಲೆ ನಾನೇ ಅಂಟಿಸಿ ಕೊಡ್ತೀನಿ... ಹಾಂ. ಸಿಕ್ತು. ಎಲ್ಲಕ್ಕಿಂತ ಮೇಲೇ ಇಟ್ಟಿದ್ದೀಯಲ್ಲ. ಎಡಗಡೆ ಪುಟ... ಎಡಗಡೆ... ಇಗೋ. ಇಗೋ ಕಣೇ, ದೀಪದ ಚಿತ್ರ! ಬರ್ತಾನೇ ಓದ್ತೀನಿ, ಕಿವಿ ಕೊಟ್ಟು ಕೇಳು. 'ಗಾಯಾಳುವು ಪೂರ್ತಿ ಚೇತರಿಸಿಕೊಂಡು...' ಕೇಳಿಸ್ಕೊಂಡ್ಯಾ, ಪೂರ್ತಿ! '...ಪೂರ್ತಿ ಚೇತರಿಸಿಕೊಂಡು, ಹಿಂದಿನಂತೆ ಓಡಾಡುವ ತನಕ ಮಂತ್ರವು ಉಳಿಯತಕ್ಕದ್ದು.' ನಾನೇನು ಹೇಳ್ದೆ? ಇದನ್ನೇ ಹೇಳಿದ್ದು. ಇಟ್ಕೋ, ನೀನೇ ಓದು. ಪಂಥ ಗೆದ್ದೆ. ನಿನ್ನ ವೈದ್ಯೆ ಗುಹೆಯಲ್ಲೇ.

ಆದ್ರೆ ಆ ಪೆಟ್ಟಿಗೆಗಳೇನು? ಅದು ಹೇಳು ಮೊದಲು. ಗೋಡೆ ಮೇಲಿನ ಕ್ಯಾಲೆಂಡರೂ ತೆಗೆದಿದ್ದೀಯ. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದ್ದೀಯ. ನಾಳೆ ಹೇಳೋದು ಹೂಂ ಅಂತ ಆಗ್ಲೇ ತೀರ್ಮಾನ ಮಾಡಿದ್ದೀಯ ಅಂತಾಯ್ತು. ನನಗೆ ಒಂದು ಮಾತು ಹೇಳದೆ! ಒಂದೇ ಮನೆಯಲ್ಲಿ ಇದ್ಕೊಂಡು, ನನ್ನ ತಲೆ ಮೇಲಿನ ಕೋಣೆಯಲ್ಲಿ, ನನಗೆ ಗೊತ್ತಾಗದ ಹಾಗೆ ಪೆಟ್ಟಿಗೆ ಕಟ್ಟಿದ್ದೀಯ. ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀಯ ಇದನ್ನ? ನಾನು ಮೇಲೆ ಬಂದು ನೋಡಲ್ಲ ಅಂತ ತಾನೆ ಧೈರ್ಯ? ನನ್ನ ಹತ್ರ ಮುಚ್ಚುಮರೆ ಮಾಡೋಂಥದ್ದು ಏನಿತ್ತು ನಿನಗೆ? ನಾನು ಯಾವತ್ತಾದ್ರೂ ನಿನ್ನ ಹತ್ರ...

ಏನು?

ಯಾಕೆ ಹಾಗೆ ನೋಡ್ತೀಯ? ಮುಖ ನೋಡಿ ಮಾತಾಡು. ಮುಖ ಇಲ್ಲಿದೆ. ಕಾಲ್ಯಾಕೆ ನೋಡ್ತೀ...

...

ಅಯ್ಯೋ.

ಇಲ್ಲ, ಇದು... ಇವತ್ತು ಏನೋ ಆವೇಶದಲ್ಲಿ. ಸಿಟ್ಟು ಬಂದಾಗ ಆಗತ್ತೆ ಹಾಗೆ, ಡಾಕ್ಟರೂ ಹೇಳಿದ್ರು. ನನಗೇ ಗೊತ್ತಾಗ್ಲಿಲ್ಲ ಹೇಗೆ ಹತ್ತಿದೆ ಅಂತ. ಈಗ ನೋವು ಶುರುವಾಗ್ತಿದೆ ನೋಡು, ಇಲ್ಲಿ, ಈ ಸೊಂಟದ ಹತ್ರ... ತಾಳು, ಕುರ್ಚಿ ಈ ಕಡೆ ತಳ್ಳು. ತಳ್ಳೇ. ಬೀಳ್ತೀನಿ.

ತಳ್ಳಲ್ವಾ.

ಏನಾದ್ರೂ ಹೇಳು. ಬೈಯಿ. ನೀನು ಬಾಯಿ ಮಾಡೋಳಲ್ಲ, ಆದ್ರೂ ಇವತ್ತೊಂದು ದಿನ ಬೈಯಿ. ಹೀಗೆ ನೋಡ್ಕೊಂಡು ಕೂರಬೇಡ. ದಮ್ಮಯ್ಯ ಅಂತೀನಿ.

ಬೇಸಿಗೆಯಿಂದ. ಇನ್ನೇನು ಹೇಳ್ಲಿ? ಬೇಸಿಗೆಯಿಂದ ನಡೀತೀನಿ. ಮೊದಲು ಮೇಜು ಹಿಡ್ಕೊಂಡು, ಆಮೇಲೆ ಗೋಡೆ ಹಿಡ್ಕೊಂಡು. ಒಂದಿನ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಿದ್ದೆ, ಬಂದು ಕೂತ ಮೇಲೆ ನೆನಪಾಯ್ತು ಏನೂ ಹಿಡ್ಕೊಂಡಿರ್ಲಿಲ್ಲ ಅಂತ. ಎಷ್ಟು ಖುಷಿಯಾಯ್ತು ಗೊತ್ತಾ. ನೀನು ಬಂದ ಕೂಡಲೇ ಹೇಳ್ಬೇಕು ಅಂತ ಕಾದು ಕೂತಿದ್ದೆ. ನೀನು ಬಾಗಿಲು ತೆಗೆದು ಬಂದು, ಚೀಲ ಇಟ್ಟು, ನನ್ನ ಕಾಲ ಹತ್ರ ಕೂತು ಎಣ್ಣೆ ಬೆಚ್ಚಗೆ ಮಾಡ್ಲಾ ಅತ್ತೆ ಅಂದೆ. ಹೇಳಿದ್ರೆ ನೀನು ಹೋಗ್ತೀಯ ಅಂತ ಆವಾಗ ಹೊಳೀತು. ಅಷ್ಟು ಹೊತ್ತು ಹೊಳೆದಿರ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ.

ಆಮೇಲೆ ದಿನಾ ನಾಳೆ.

ಸುಖ ಅಂದ್ಕೊಂಡ್ಯಾ? ನೀನು ಲ್ಯಾಬಿಗೆ ಹೋದ್ಮೇಲೆ ಇಡೀ ಮನೆ ಓಡಾಡ್ತಿದ್ದೆ. ಮೇಲೆ ಬಂದು ನಿನ್ನ ಕಿಟಕಿಯಲ್ಲಿ ನಿಂತು ಬೀದಿ ನೋಡ್ತಿದ್ದೆ. ಈ ವಾರ ಒಂದು ಬರ್ಲಿಲ್ಲ, ಬಂದಿದ್ರೆ ಆ ಪೆಟ್ಟಿಗೆ ಆಗ್ಲೇ ಕಾಣಿಸ್ತಿತ್ತು. ಬೀದಿ ಕೊನೆಯಲ್ಲಿ ಆ ಶಾಲೆ ಅಂಗಳ ಇದೆಯಲ್ಲ, ಅಲ್ಲಿ ತನಕ ನಡೆದು ಹೋಗಿ ಬರೋಣ ಅಂತ ಜೀವ ಬಡ್ಕೊಳ್ತಿತ್ತು. ಯಾರಾದ್ರೂ ನೋಡಿ ನಿನಗೆ ಹೇಳಿದ್ರೆ? ಬಾಗಿಲಿಗೆ ಕೀ ಹಾಕಿದ ಸದ್ದಾದ್ರೆ ಸಾಕು, ಎಲ್ಲಿದ್ರೂ ಓಡಿ ಬಂದು ಕುರ್ಚಿಯಲ್ಲಿ ಬೀಳ್ತಿದ್ದೆ. ಈ ಕಾಲಲ್ಲಿ ಓಡಿದ್ದೀನಿ ಕಣೇ. ಎದೆ ಡವಡವ ಅಂತಿರೋದು, ನೀನು ಬಂದು ಮುಖ ಕೆಂಪಗಾಗಿದೆ, ಜ್ವರನಾ ಅತ್ತೆ ಅಂತ ಹಣೆ ಮುಟ್ಟಿ ನೋಡೋಳು. ಆಮೇಲೆ ರಾತ್ರಿ ತನಕ ಹೀಗೇ ಕಲ್ಲಿನ ಹಾಗೆ ಕೂತಿರೋದು. ನೀರಿನ ಲೋಟ ಅಲ್ಲೇ ಇದ್ರೂ ಕೊಡು ಅಂತ ನಿನ್ನನ್ನ ಕೇಳೋದು. ಕೇಳಿದಾಗಲೆಲ್ಲ ನನಗೆ ಅಸಹ್ಯ ಆಗ್ತಿತ್ತು.

ಭಯ ಆಯ್ತು ನನಗೆ. ಅಷ್ಟೇ ವಿಷಯ. ಅವನು ಹೋದಾಗ ಸಿಟ್ಟು ಬಂತು, ಭಯ ಆಗ್ಲಿಲ್ಲ. ನೀನು ಹೋಗ್ತೀಯ ಅಂದ್ರೆ ಭಯ ಆಗತ್ತೆ. ನೀನು ನನ್ನ ಮಗಳಲ್ಲ, ನೀನು ಇಲ್ಲಿರ್ಬೇಕು ಅಂತ ಯಾವ ನಿಯಮಾನೂ ಇಲ್ಲ. ಮಗಳಾಗಿದ್ರೆ ಹಬ್ಬ ಹುಣ್ಣಿಮೆ ಅಂತ ಬಾ ಅಂತ ಕರೆಯಬಹುದು. ನಿನ್ನನ್ನ ಏನಂತ ಕರೀಲಿ? ಈ ಬಾಗಿಲು ದಾಟಿದ್ರೆ ನೀನು ನನಗೆ ಏನಾಗಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿದೆ?

...ಪುಸ್ತಕ ಯಾಕೆ ತಿರುಗಿಸ್ತಿದ್ದೀಯ? ಓದಬೇಡ ಅದನ್ನ. ಇಡು. ನಾನೇ ಓದಿದ್ನಲ್ಲ, ಮೆಟ್ಟಿಲಿಳೀತಾ, ಕಟಕಟೆ ಹಿಡೀದೆ, ದೊಡ್ಡ ದನಿಯಲ್ಲಿ ಓದಿದ್ನಲ್ಲ. ಪೂರ್ತಿ ಅಂತ ನಾನೇ ಹಟ ಹಿಡಿದಿದ್ದು. ತೀರ್ಪು ನಂದೇ. ತಿರುಚಲ್ಲ ನಾನು.

ಆ ಪುಸ್ತಕದ ಪೆಟ್ಟಿಗೆ ಭಾರ ಇದೆ, ನೀನೊಬ್ಬಳೇ ಇಳಿಸೋಕೆ ಹೋಗ್ಬೇಡ, ಸೊಂಟ ಹಿಡ್ಕೊಳತ್ತೆ. ಏಳು. ಒಂದು ಕಡೆ ನೀನು ಹಿಡ್ಕೋ, ಇನ್ನೊಂದು ಕಡೆ ನಾನು ಹಿಡ್ಕೋತೀನಿ.